ಬರಿಗಾಲಲ್ಲಿ ದಾಟಿದ ನದಿ

ನಂದಾಕಿನಿ ನದಿ ಬಂದು ಸೇರುವ ನಂದಪ್ರಯಾಗದ ಸಂಗಮದಲ್ಲಿ ಹೆಂಡತಿಯ ಹೆಸರಿನಲ್ಲಿ ಎಳ್ಳುನೀರು ಬಿಟ್ಟು ಮೆಟ್ಟಿಲ ಮೇಲೆ ಕುಳಿತಿದ್ದೆ. ಕೆಳಗೆ ಒಬ್ಬ ಹುಡುಗಿ ರಬ್ಬರ್ ದೋಣಿಗೆ ಗಾಳಿ ತುಂಬುತ್ತಿದ್ದಳು. ಚಾರಣಿಗರನ್ನು ಹಿಮದ ಬುಡದಿಂದ ಇಳಿಸಿಕೊಂಡು ಬಂದಿದ್ದ ಅವಳ ಚಿಕ್ಕಪ್ಪ ಅವಳೆದುರು ನಿಂತ.

“ಇವತ್ತು ನೀನೇ ದೋಣಿ ನಡೆಸ್ತೀಯಂತೆ. ಬೇಡ ಬಸಂತಿ. ನಿಮ್ಮಪ್ಪನ್ನ ನುಂಗಿದ ಸುಳಿ ಮುಂದಿದೆ.”

“ಗೊತ್ತು ಕಾಕಾ. ಮೇಲೆ ನಂದಾಕಿನಿ ಹ್ಯಾಗಿದ್ಳು?”

“ಹಿಮದಡಿಯಿಂದ ಆಗಷ್ಟೇ ಹೊರಬಂದ ಮಗು. ಒಂದೇ ಹೆಜ್ಜೇಲಿ ದಾಟಿದೆ.”

“ಬೂಟು ಹಾಕ್ಕೊಂಡಾ?”

“ಹುಚ್ಚೀ! ನಮ್ಮನೆ ಮಗಳನ್ನ ಬೂಟುಗಾಲಲ್ಲಿ ದಾಟ್ತಾರಾ? ಬಿಚ್ಚಿಟ್ಟು ಕೈಮುಗಿದೆ.”

“ಅಷ್ಟು ಪುಟ್ಟೋಳಿಗಾ?”

“ಪುಟ್ಟೋಳಾದ್ರೇನು, ನಂದಾದೇವಿ ಅವಳು.”

“ನಾನೂ ಕೈಮುಗಿದೇ ಇಳೀತೀನಿ, ಕಾಕಾ.”

ಅವನು ನದಿಯನ್ನು ನೋಡಿದ. ಬಂಡೆಗಳ ಮೇಲೆ ನೀರು ಆಳೆತ್ತರಕ್ಕೆ ಎದ್ದು ಬೀಳುತ್ತಿತ್ತು.

“ಅದೇ ಮಗು ಅಂದ್ರೆ ನಂಬೋಕಾಗಲ್ಲ,” ಎಂದ ಮೆಲ್ಲಗೆ.

“ಬೆಟ್ಟದಲ್ಲಿ ಹುಲಿ, ನೀರು ಕಂಡ್ರೆ ಬೆಕ್ಕು! ಬರ್ತೀಯಾ?”

ಅವನು ಕುಳಿತು ಬೂಟಿನ ದಾರ ಬಿಚ್ಚತೊಡಗಿದ.

“ನನಗೂ ಒಂದು ಹುಟ್ಟು ಕೊಡು.”

ಚಾರಣಿಗರೂ ಹತ್ತಿದರು. ದೋಣಿ ತಿರುವಿನಲ್ಲಿ ಮರೆಯಾಯಿತು. ನೀರಿನ ಮೊರೆತ ಮಾತ್ರ ಉಳಿಯಿತು. ಸ್ವಲ್ಪ ಹೊತ್ತಿಗೆ, ಸುಳಿಯ ಆಚೆಯಿಂದ, ಎರಡು ದನಿಗಳು ಒಟ್ಟಿಗೆ ಕೂಗಿದವು: “ಜೈ ನಂದಾ!”