ಸಂರಿತನ ಪಿಕಪ್ಪಿನ ನೀರು ಕುಡಿದವರು ಯಾರು

ಬೆಂಕಿಗೆ ಇನ್ನೆರಡು ಕೊರಡು ಹಾಕಿ, ಹತ್ತಿರ ಬನ್ನಿ. ಇದು ಅವರಿವರು ಹೇಳಿದ ಮಾತಲ್ಲ. ನನ್ನ ಹೆಂಡತಿಯ ತಂಗಿಯ ಗಂಡ, ನನ್ನ ಸ್ವಂತ ಷಡ್ಡಕ ಸಂರಿತನಿಗೆ ಆದದ್ದು.

ಆ ರಾತ್ರಿ ಸಂರಿತ ನೀರು ತರಲು ಖಾಲಿ ಕ್ಯಾನು ಹಿಡಿದು ಬೆಟ್ಟದ ರಸ್ತೆಯಲ್ಲಿ ಒಬ್ಬನೇ ಮನೆ ಕಡೆ ಇಳಿಯುತ್ತಿದ್ದ. ಅವನ ಪಿಕಪ್ಪು ಮೇಲೆ, ಏರಿನ ನೆತ್ತಿಯ ಹತ್ತಿರ, ಎರಡಾಳೆತ್ತರ ಎಲೆಕೋಸು ಹೊತ್ತು ಕುದ್ದು ನಿಂತಿತ್ತು. ಎಂಜಿನ್ನು ಆರುತ್ತಾ ಟಿಣ್... ಟಿಣ್... ಅನ್ನುವುದು ಒಂದು ತಿರುವಿನವರೆಗೂ ಬೆನ್ನ ಹಿಂದೆ ಕೇಳುತ್ತಿತ್ತು. ಆಮೇಲೆ ಅದೂ ನಿಂತಿತು. ಕೊರೆಯುವ ಚಳಿ. ಕ್ಯಾನಿನ ಹಿಡಿಕೆ ಕಿರ್ರ್... ಕಿರ್ರ್... ಅಷ್ಟೇ.

ಅವನಿಗೆ ಹೆದರಿಕೆ ಇರಲಿಲ್ಲ. ಮೈಯೆಲ್ಲ ಸಿಟ್ಟು. ಬೆಳಗಾಗುವುದರೊಳಗೆ ಕೋಸು ಲೋಮ್ ಸಾಕ್ ಪೇಟೆಯ ತರಕಾರಿ ಮಂಡಿ ಮುಟ್ಟಬೇಕು. ಮಂಡಿಯಲ್ಲಿ ಕೋಸು ಕೊಳ್ಳುವ ಲಿಮ್ ಅಕ್ಕ ಆಗಲೇ ಬೈದು ಬೈದು ಸುಸ್ತಾಗಿದ್ದಳು. ಹೀಗೇ ಆದರೆ ಈ ಬೆಟ್ಟದ ಬಾಡಿಗೆಯೆಲ್ಲ ಪ್ರಯೂನನಿಗೆ ಅಂದುಬಿಟ್ಟಿದ್ದಳು. ಪ್ರಯೂನ ಅಂದರೆ ನಮ್ಮಿಬ್ಬರ ಹೆಂಡತಿಯರ ಒಡಹುಟ್ಟಿದವನು, ಅವನದೂ ಒಂದು ಗಾಡಿ. ಆಗ ಸಂರಿತ ಏನು ಮಾಡಬೇಕು? ಮತ್ತೆ ಪ್ರಯೂನನ ಗಾಡಿಗೇ ಕ್ಲೀನರ್ ಆಗಬೇಕು. ವರ್ಷಗಟ್ಟಲೆ ಅವನ ಕೈಕೆಳಗೆ ಬೈಸಿಕೊಂಡು, ಅದು ಸಾಕಾಗಿಯೇ ಈ ಹಳೇ ಪಿಕಪ್ಪು ಕೊಂಡವನು ಅವನು. ಸತ್ತರೂ ಆ ಸೀಟು ಬೇಡ ಅಂತಿದ್ದ.

ಗಾಡಿಯ ರೋಗ ಇಷ್ಟೇ. ಕೂಲೆಂಟ್, ಅದೇ ಎಂಜಿನ್ನು ತಣಿಸುವ ಕೆಂಪು ನೀರು, ಅದನ್ನು ಕುಡಿಯುತ್ತಿತ್ತು. ಕೆಂಪಗೆ ಕಂಠಮಟ್ಟ ತುಂಬಿಸಿ ಹೊರಟರೆ, ಬೆಟ್ಟ ಹತ್ತಿ ಇಳಿಯುವಷ್ಟರಲ್ಲಿ ತಳ ಕಾಣುತ್ತಿತ್ತು. ಕೆಳಗೆ ಒಂದು ಹನಿ ಬಿದ್ದಿರುತ್ತಿರಲಿಲ್ಲ. ಮೆಕ್ಯಾನಿಕ್ ತೊಂಗ್‌ಪಾನ್ ರಾತ್ರಿಯಿಡೀ ಅಡಿಯಲ್ಲಿ ರಟ್ಟು ಹಾಸಿ ನೋಡಿದ. ಬೆಳಿಗ್ಗೆ ರಟ್ಟು ಒಣಗಿದ ಹಾಗೇ ಇತ್ತು. ರೇಡಿಯೇಟರಿನ ಮುಚ್ಚಳ ಬದಲಾಯಿಸಿದ, ರಬ್ಬರು ಪೈಪು ಬದಲಾಯಿಸಿದ, ವಾಟರ್ ಪಂಪು ಬಿಚ್ಚಿ ನೆಕ್ಕುವುದೊಂದು ಬಾಕಿ. ರೇಡಿಯೇಟರಿನ ಬಾಯಿಗೆ ಗಾಳಿ ಪಂಪು ಕಟ್ಟಿ ಒತ್ತಿದ, ಪಂಪಿನ ಮುಳ್ಳು ಅಲ್ಲಾಡಲಿಲ್ಲ, ಅಂದರೆ ಎಲ್ಲೂ ಸೋರಿಕೆ ಇಲ್ಲ. ಆಯಿಲ್ ಕಡ್ಡಿ ಎಳೆದ. ನೀರು ಸೇರಿದ್ದರೆ ಆಯಿಲ್ಲು ಹಾಲು ಹಾಕಿದ ಕಾಫಿಯ ಹಾಗಾಗಬೇಕು, ಇದು ಕಾಡಿಗೆಯಂತೆ ಕಪ್ಪಗಿತ್ತು. ಕೊನೆಗೆ, ಎಂಜಿನ್ನಿನ ತಲೆಯಡಿಯ ಹೆಡ್ ಗ್ಯಾಸ್ಕೆಟ್ಟೇ ಹೋಗಿದೆ, ನನ್ನ ಮೀಸೆ ಪಣ ಅಂತ ಹೆಡ್ಡು ಇಳಿಸಿ ಹೊಸದು ಕೂರಿಸಿದ. ಮಾರನೆ ದಿನವೇ ಗಾಡಿ ಮತ್ತೆ ಕುಡಿಯಿತು. ಮೀಸೆ ಮಾತ್ರ ಹಾಗೇ ಇತ್ತು.

"ನಿನ್ ಗಾಡಿಗೆ ಸಕ್ಕರೆ ಕಾಯಿಲೆ ಕಣೋ ತಮ್ಮಾ," ಅಂದನಂತೆ ತೊಂಗ್‌ಪಾನ್. "ಕುಡೀತದೆ, ಕುಡೀತದೆ, ಎಲ್ಲಿ ಹುಯ್ಯುತ್ತೆ ಅಂತಲೇ ಗೊತ್ತಾಗಲ್ಲ."

ನನ್ನನ್ನು ಕರೆದಿದ್ದರೆ ಒಂದೇ ಗಳಿಗೆ. ಹೊಗೆ ಮೂಸಿ ಎಂಜಿನ್ನಿನ ವಯಸ್ಸು ಹೇಳುವವನು ನಾನು. ಒಮ್ಮೆ ಫ್ಯಾನ್ ಬೆಲ್ಟು ಹರಿದಾಗ ಜೀವಂತ ಕೇರೆ ಹಾವನ್ನೇ ಸುತ್ತಿ ಊರು ಮುಟ್ಟಿಸಿದ್ದೇನೆ. ಹಾವನ್ನು ಆಮೇಲೆ ಬಿಟ್ಟೂಬಿಟ್ಟೆ, ಸ್ವಲ್ಪ ಉದ್ದವಾಗಿತ್ತು ಅಷ್ಟೇ. ಇರಲಿ. ಎಲ್ಲಿದ್ದೆ?

ಆಲದ ತಿರುವು.

ನಿಮಗೆ ಗೊತ್ತಲ್ಲ ಆ ಮರ. ಸುತ್ತ ಬಣ್ಣದ ಬಟ್ಟೆ, ಬುಡದಲ್ಲಿ ಕಂಬದ ಮೇಲೆ ಆ ಮರದ ದೈವ ಅಜ್ಜಿಯ ಪುಟ್ಟ ಗುಡಿ. ಹಾರ್ನ್ ಹೊಡೆಯದೆ ಯಾವ ಡ್ರೈವರನೂ ದಾಟುವುದಿಲ್ಲ. ನಿಲ್ಲಿಸುವವರು ಕೆಂಪು ಸೋಡಾ ಬಾಟಲಿಗೆ ಸ್ಟ್ರಾ ಹಾಕಿ ಇಟ್ಟು ಕೈಮುಗಿಯುತ್ತಾರೆ. ಪಿಕಪ್ಪು ಕೊಂಡ ದಿನ ಸಂರಿತನೂ ಹರಕೆ ಹೊತ್ತಿದ್ದ. ಅಜ್ಜೀ, ಗಾಡಿ ಕೈಬಿಡದ ಹಾಗೆ ನೋಡಿಕೋ, ಬೆಟ್ಟ ಹತ್ತಿದಾಗಲೆಲ್ಲ ನಿನಗೊಂದು ಬಾಟಲಿ ಅಂತ. ಇಡುತ್ತಲೂ ಇದ್ದ. ಈ ಸಲ ಕೋಸಿನ ಗಡಿಬಿಡಿ ಶುರುವಾದ ಮೇಲೆ ಇಳಿಯುವುದನ್ನೇ ಬಿಟ್ಟ. ಪೀಂ ಪೀಂ ಅನ್ನಿಸಿ ಹೋಗಿಬಿಡುತ್ತಿದ್ದ. ಅಜ್ಜಿ ನಮ್ಮವಳೇ, ಏನೂ ಅಂದುಕೊಳ್ಳಲ್ಲ ಅಂತ.

ಮರದ ಹತ್ತಿರ ಬಂದ. ಆಗ ಕೇಳಿಸಿತು.

ಸುರ್ರ್ರ್...

ಬಾಟಲಿಯ ತಳದಲ್ಲಿ ಉಳಿದದ್ದನ್ನು ಎಳೆಯುತ್ತಾರಲ್ಲ, ಹಾಗೆ. ಆಮೇಲೆ ಗುಳುಕ್. ಮತ್ತೆ ಸುರ್ರ್ರ್...

ಸಂರಿತ ನಿಂತ. ಬ್ಯಾಟರಿ ಬಿಟ್ಟ. ಗುಡಿಯಲ್ಲಿ ಹಳೇ ಬಾಟಲಿಗಳು ಧೂಳು ಹಿಡಿದು ನಿಂತಿದ್ದವು. ಮುಂದೆ ಒಂದು ಗಾಜಿನ ಲೋಟ. ಅದರಲ್ಲಿ ಅರ್ಧಕ್ಕೆ ಕೆಂಪು. ಆ ಚಳಿಯಲ್ಲಿ ಲೋಟದಿಂದ ಹಬೆ ಏಳುತ್ತಿತ್ತು. ಬೆರಳು ತಾಗಿಸಿದ. ಚುರ್ ಅಂತು. ಮೂಸಿದ... ಸೋಡಾ ಅಲ್ಲ. ಇಷ್ಟು ದಿನ ಕೈಗೆ, ಅಂಗಿಗೆ, ಅನ್ನಕ್ಕೂ ಹತ್ತಿಕೊಂಡಿದ್ದ ಅದೇ ವಾಸನೆ. ಕೂಲೆಂಟ್.

"ಯಾರು?" ಅಂದ.

ಎಲೆ ಅಲ್ಲಾಡಲಿಲ್ಲ. ಕಿವಿಯ ಹಿಂದೆಯೇ, ಬಾಯಿ ತುಂಬ ಎಲೆಅಡಿಕೆ ತುಂಬಿಕೊಂಡವರ ಪಿಸುಮಾತು.

"ಬಿಸಿ ಐತೆ ಮಗಾ..."

ಅವನು ತಿರುಗಲಿಲ್ಲ.

"ದಿನಾ ಬಿಸಿ... ಐಸ್ ಹಾಕಲ್ವಾ?"

"ಹಾ... ಹಾಕ್ತೀನಿ ಅಜ್ಜಿ. ನಾಳೆ."

"ಹೂಂ."

ಕ್ಯಾನು ಅಲ್ಲೇ ಬಿತ್ತು. ಚಪ್ಪಲಿ ಎಲ್ಲಿ ಬಿತ್ತೋ ಅವನಿಗೂ ಗೊತ್ತಿಲ್ಲ. ಮನೆಯ ಮೆಟ್ಟಿಲ ಮೇಲೆ ಬಂದು ಬಿದ್ದಾಗ ಅವನ ಹೆಂಡತಿ, ನನ್ನ ನಾದಿನಿ ಮಾಲಿವಾನ್ ದೀಪ ಹಿಡಿದು ಬಂದಳು. ಅವನು ತೊದಲುತ್ತಾ ಎಲ್ಲ ಹೇಳಿದ. ಅವಳು ಹೆದರಲಿಲ್ಲ, ಬೈದಳು.

"ಎಂಜಿನ್ನೆಲ್ಲ ಬಿಚ್ಚಿ ಹರಡೋಕೆ ಪುರುಸೊತ್ತಿತ್ತು. ಒಂದು ಬಾಟಲಿ ಇಡೋಕೆ ಇರಲಿಲ್ವಾ ನಿಮಗೆ?"

ಬೆಳಿಗ್ಗೆ ಕೋಸೆಲ್ಲ ಪ್ರಯೂನನ ಗಾಡಿಗೆ ಏರಿತು. ಅವನು ಹಗ್ಗ ಬಿಗಿಯುತ್ತಾ, ಕ್ಲೀನರ್ ಸೀಟು ಒರೆಸಿಟ್ಟಿದೀನಿ ಭಾವ, ಬಾ ಅಂದ. ಸಂರಿತ ಅವನಿಗೆ ಬೆನ್ನು ತಿರುಗಿಸಿದ. ಲಿಮ್ ಅಕ್ಕನ ಕಾಲನ್ನು ಫೋನಿನಲ್ಲೇ ಹಿಡಿದ. ಆಕೆ, ಇವತ್ತು ರಾತ್ರಿಯ ಲೋಡು ನಿನಗೇ, ಅದೂ ನಿಂತರೆ ನನ್ನ ಮುಖ ನೋಡಬೇಡ ಅಂದಳು. ಅವನು ಲೋಟ ತುಂಬ ಐಸ್ ಹಾಕಿ, ಕೆಂಪು ಸೋಡಾ ಹುಯ್ದು, ಸ್ಟ್ರಾ ಸಮೇತ ಅಜ್ಜಿಯ ಮುಂದಿಟ್ಟು, ನೆಲಕ್ಕೆ ಹಣೆ ಹಚ್ಚಿ ಬಂದ.

ತೊಂಗ್‌ಪಾನ್ ಬೈಕಿನಲ್ಲಿ ಸಾಮಾನು ಹೇರಿಕೊಂಡು ಗಾಡಿ ಹತ್ತಿರ ಬಂದಾಗ ಇದನ್ನು ಕೇಳಿ ಬಿದ್ದು ಬಿದ್ದು ನಕ್ಕ. ಆದರೆ ಅವನಿಗೂ ಒಳಗೇ ಉರಿಯುತ್ತಿತ್ತು, ಊರೆಲ್ಲ ಅವನ ಮೀಸೆ ಕೇಳುತ್ತಿತ್ತಲ್ಲ. ಇಷ್ಟು ದಿನ ತಣ್ಣಗಿದ್ದಾಗ ಒತ್ತಿ ನೋಡಿದ್ದೇ ತಪ್ಪು ಅಂತ, ಈ ಸಲ ಎಂಜಿನ್ನು ಚೆನ್ನಾಗಿ ಕಾಯಿಸಿ, ಬಂದ್ ಮಾಡಿ, ಮುಚ್ಚಳಕ್ಕೆ ಬಟ್ಟೆ ಸುತ್ತಿ ಹುಷಾರಾಗಿ ಬಿಚ್ಚಿ, ಬಿಸಿ ಇರುವಾಗಲೇ ಪಂಪು ಒತ್ತಿದ. ಮುಳ್ಳು ಮೆಲ್ಲಗೆ... ಮೆಲ್ಲಗೆ... ಇಳಿಯಿತು. ಎಂಜಿನ್ನಿನ ಹಿಂದೆ ಹೊಗೆ ತಣಿಸಲು ಒಂದು ಕೂಲರ್ ಇರುತ್ತದೆ, ಸುತ್ತ ಬೆಸೆದ ಕಬ್ಬಿಣದ ಪೆಟ್ಟಿಗೆ. ಒಳಗೆ ಕೂಲೆಂಟ್ ಓಡುತ್ತದೆ. ಅದರ ಪೈಪು ಬಿಚ್ಚಿದರೆ ಎಲ್ಲ ಕಡೆ ಮಸಿ, ಒಂದು ಮೂಲೆ ಮಾತ್ರ ತೊಳೆದ ಹಾಗೆ ಬೆಳ್ಳಗೆ. ಒಳಗೆಲ್ಲೋ ಬಿರುಕು. ಕಾದಾಗ ಬಾಯಿ ಬಿಡುವುದು, ಆರಿದಾಗ ಮುಚ್ಚಿಕೊಳ್ಳುವುದು. ಕೂಲೆಂಟೆಲ್ಲ ಎಂಜಿನ್ನಿಗೆ ಹೋಗಿ ಹೊಗೆಯಾಗಿ ಹಾರುತ್ತಿತ್ತು.

"ನೋಡೋ, ಇವಳೇ ನಿನ್ನ ಅಜ್ಜಿ," ಅಂತ ಹಳೇ ಕೂಲರನ್ನು ಅವನ ಮುಖಕ್ಕೆ ಹಿಡಿದ. ಪೇಟೆಯಿಂದ ಬೇರೆ ತರಿಸಿ ಕೂರಿಸಿ, ಹಳೆಯದನ್ನು ಬೈಕಿಗೆ ಕಟ್ಟಿಕೊಂಡು ಹೋದ.

ಆ ರಾತ್ರಿ ಸಂರಿತ ಲೋಡು ಹೊತ್ತು ಹತ್ತಿದ. ಆಲದ ತಿರುವಿನಲ್ಲಿ ನಿಲ್ಲಿಸಿದ, ಐಸ್ ಹಾಕಿದ ಲೋಟ ಇಟ್ಟ. ಮಂಡಿ ಮುಟ್ಟಿ ಬಾನೆಟ್ ಎತ್ತಿದರೆ ಕೂಲೆಂಟ್ ಕೂದಲೆಳೆಯಷ್ಟೂ ಇಳಿದಿರಲಿಲ್ಲ. ಲಿಮ್ ಅಕ್ಕ ಕೋಸು ಒಂದೊಂದೇ ತಟ್ಟಿ ನೋಡಿ, ಸರಿ, ನಾಳೆಯೂ ನೀನೇ ಬಾ ಅಂದಳು. ಪ್ರಯೂನನ ಗಾಡಿಯ ಕ್ಲೀನರ್ ಸೀಟು ಇವತ್ತಿಗೂ ಖಾಲಿ ಇದೆ.

ಬಿರುಕೋ, ಅಜ್ಜಿಯೋ? ನೀವು ಬಿರುಕು ಅಂತೀರಿ. ಇರಲಿ.

ಆದರೆ ಅಷ್ಟು ನಕ್ಕ ತೊಂಗ್‌ಪಾನ್ ಈಗ ಆ ಮರದ ಹತ್ತಿರ ಬೈಕು ಇಳಿದು, ತಳ್ಳಿಕೊಂಡು ದಾಟುತ್ತಾನೆ. ಯಾಕೆ ಅಂತ ಕೇಳಿದೆ. ಎರಡು ಲೋಟ ಅಕ್ಕಿ ಸಾರಾಯಿ ಒಳಗಿಳಿದ ಮೇಲೆ ಹೇಳಿದ. ಬಿರುಕು ಎಲ್ಲಿದೆ ನೋಡೋಣ ಅಂತ ಆ ಹಳೇ ಕೂಲರನ್ನು ಗರಗಸದಲ್ಲಿ ಕೊಯ್ದನಂತೆ. ಒಳಗೊಂದು ಸ್ಟ್ರಾ ಇತ್ತಂತೆ. ಕೆಂಡದಂತೆ ಕಾಯುವ ಪೆಟ್ಟಿಗೆಯೊಳಗೆ ಪ್ಲಾಸ್ಟಿಕ್ಕಿನ ಸ್ಟ್ರಾ, ಒಂಚೂರೂ ಕರಗಿಲ್ಲ. ಮನೆಯಲ್ಲಿಟ್ಟುಕೊಳ್ಳಲು ಅವನಿಗೆ ಧೈರ್ಯವಿಲ್ಲ. ನಾನೇ ಇಸಿದುಕೊಂಡೆ.

ನಮ್ಮ ಅಟ್ಟದ ಮೇಲಿದೆ, ಬೇಕಾದವರು ಬಂದು ನೋಡಿ. ಒಂದು ತುದಿ ಹಲ್ಲಲ್ಲಿ ಕಚ್ಚಿ ಚಪ್ಪಟೆಯಾಗಿದೆ. ಅಲ್ಲಿ ಎಲೆಅಡಿಕೆಯ ಕೆಂಪು ಹಿಡಿದಿದೆ. ನಾನೇ ಸೋಪು ಹಾಕಿ ತಿಕ್ಕಿದ್ದೇನೆ. ಹೋಗಿಲ್ಲ.