ಗಿಟಾರ್ ಬರುವ ಜಾಗ

ಅಧ್ಯಕ್ಷ ಪೀಠವನ್ನು ಅಲಂಕರಿಸಿರುವ ಪ್ರಿನ್ಸಿಪಾಲ್ ಶಿವರಾಮಯ್ಯನವರೇ, ವೇದಿಕೆಯ ಮೇಲಿನ ಗಣ್ಯರೇ, ಬಟವಾಡಿ ಗೆಳೆಯರ ಬಳಗದ ಹುಡುಗರೇ, ಗುಬ್ಬಿಯಿಂದಲೂ ಕುಣಿಗಲ್ಲಿನಿಂದಲೂ ಬಸ್ಸು ಹಿಡಿದು ಬಂದಿರುವ ನನ್ನ ಹಳೆಯ ನಾಟಕದ ಸ್ನೇಹಿತರೇ, ತಾಯಂದಿರೇ, ಸಭಿಕರೇ,

ಆಮಂತ್ರಣದಲ್ಲಿ ‘ರಾಕ್ ಸಂಗೀತದಲ್ಲಿ ಶೋಕ: ಏಕಾಂತಯ್ಯನವರಿಂದ ಉಪನ್ಯಾಸ’ ಎಂದು ಅಚ್ಚಾಗಿದೆ. ಅದನ್ನು ಓದಿ ನಿಮಗೆ ಎಷ್ಟು ಆಶ್ಚರ್ಯವಾಯಿತೋ ನನಗೂ ಅಷ್ಟೇ ಆಯಿತು. ನಾನು ನಾಟಕದ ಕಂಪನಿಗಳಲ್ಲಿ ಹಾರ್ಮೋನಿಯಂ ನುಡಿಸಿ ತಲೆ ನರೆಸಿಕೊಂಡವನು. ಮೊನ್ನೆ ತರಕಾರಿ ಅಂಗಡಿಯ ಬೆಟ್ಟಯ್ಯ ಕೇಳಿದ, “ಏನ್ ಮೇಷ್ಟ್ರೇ, ರಾಕ್ಷಸರ ಸಂಗೀತದ ಮ್ಯಾಲೆ ಭಾಷಣವಂತೆ?” ಹೌದಪ್ಪ ಎಂದೆ. ನನಗೂ ಬಹಳ ದಿನ ಅದು ಹಾಗೆಯೇ ಕೇಳಿಸಿತ್ತು.

ಶೋಕ ಎಂದರೇನು ಎಂದು ಯಾರಾದರೂ ಮೊದಲು ಕೇಳಿದ್ದರೆ ಉತ್ತರ ನನ್ನ ಬೆರಳ ತುದಿಯಲ್ಲಿತ್ತು. ರಾಜಕುಮಾರ ಸತ್ತ, ರಾಣಿ ಕುಸಿದಳು, ಮೇಷ್ಟ್ರು ಶುರು ಮಾಡಬೇಕು. ಮೊದಲು ನಿಧಾನವಾಗಿ ಆಲಾಪ, ಆಮೇಲೆ ಪಲ್ಲವಿ. ವಿಧಿಗೆ ಒಂದು ನುಡಿ, ಚಂದ್ರನಿಗೆ ಒಂದು ನುಡಿ, ಬಾಡಿದ ತಾವರೆಗೆ ಒಂದು ನುಡಿ. ಜನ ‘ಒನ್ಸ್ ಮೋರ್’ ಎಂದರೆ ಸತ್ತ ರಾಜಕುಮಾರ ಮೂಗು ಕೆರೆದುಕೊಂಡು ಮತ್ತೆ ಮಲಗುತ್ತಿದ್ದ. ಹಾಡು ಮುಗಿಯುತ್ತಿತ್ತು, ಪರದೆ ಬೀಳುತ್ತಿತ್ತು, ಹಾಸ್ಯಗಾರ ಬರುತ್ತಿದ್ದ. ನಾನು ಅದೆಷ್ಟು ರಾಣಿಯರನ್ನು ಅಳಿಸಿದ್ದೇನೋ! ಗುಬ್ಬಿಯಲ್ಲಿ ಯಾರಾದರೂ ತೀರಿಕೊಂಡರೂ ಭಜನೆಗೆ ನನ್ನನ್ನೇ ಕರೆಯುತ್ತಿದ್ದರು. “ಮೇಷ್ಟ್ರು ಬಂದ್ರೆ ಜೀವಕ್ಕೆ ಸದ್ಗತಿ” ಎನ್ನುತ್ತಿದ್ದರು. ಅದು ನನಗೆ ಹೆಮ್ಮೆಯ ಮಾತಾಗಿತ್ತು.

ನಮ್ಮ ಮಗ ರೇವಣಸಿದ್ದಯ್ಯ. ನಿಮ್ಮಲ್ಲಿ ಅನೇಕರಿಗೆ ಅವನ ಪರಿಚಯವಿತ್ತು. ಗೆಳೆಯರು ಅವನನ್ನು ‘ರೇ’ ಎಂದು ಕರೆಯುತ್ತಿದ್ದರು. ಮೊದಲ ಸಲ ಬಾಗಿಲಲ್ಲಿ ನಿಂತು ಒಬ್ಬ “ರೇ ಇದಾನಾ ಸಾರ್?” ಎಂದಾಗ, ಪಾಪ, ಯಾರೋ ಹುಡುಗ ಸ್ವರ ಕಲಿಯಲು ಬಂದಿದ್ದಾನೆ ಎಂದುಕೊಂಡು “ಮೊದಲು ಸಾ ಕಲಿಯಪ್ಪ” ಎಂದಿದ್ದೆ. ರೇವಣ ಕಾಲೇಜಿಗೆ ಸೇರಿದ ಮೇಲೆ ನಾವು ಗುಬ್ಬಿ ಬಿಟ್ಟು ಬಟವಾಡಿಗೆ ಬಾಡಿಗೆ ಮನೆಗೆ ಬಂದೆವು. ಅವನು ಎಲ್ಲಿಂದಲೋ ಒಂದು ಗಿಟಾರ್ ತಂದ. ಗೂಳೂರಿನ ಅಡವಿಯಪ್ಪ ಡ್ರಮ್ ಬಾರಿಸುತ್ತಿದ್ದ, ಕೋರದ ಆಂಜನಪ್ಪ ಹಾಡುತ್ತಿದ್ದ. ಇವರಿಬ್ಬರೂ ಇಲ್ಲೇ ಪಕ್ಕದಲ್ಲಿ ವೈರು ಜೋಡಿಸುತ್ತಿದ್ದಾರೆ. ಹಾಲ್‌ನಲ್ಲಿ ನನ್ನ ಪಾಠ ನಡೆಯುತ್ತಿದ್ದುದರಿಂದ ರೇವಣ ಅಡುಗೆಮನೆಯಲ್ಲಿ ಕುಳಿತು ಸಾಧನೆ ಮಾಡುತ್ತಿದ್ದ. ಅವನ ತಾಯಿ ಉಮಾಮಹೇಶ್ವರಿ ಅಕ್ಕಿ ಆರಿಸುತ್ತ ಕೇಳಿಸಿಕೊಳ್ಳುತ್ತಿದ್ದಳು. ನಾನು ಹಾಲ್‌ನಿಂದಲೇ ಕೂಗುತ್ತಿದ್ದೆ, “ಶ್ರುತಿ ಸೇರ್ತಿಲ್ಲ ಕಣೋ!” ಅವನು ಅಲ್ಲಿಂದಲೇ ಹೇಳುತ್ತಿದ್ದ, “ಸೇರಬಾರ್ದು ಅಪ್ಪಾಜಿ!”

ಎಂಬತ್ತನಾಲ್ಕರ ಮಳೆಗಾಲದಲ್ಲಿ ಅವನಿಗೆ ಕಾಮಾಲೆ ಬಂತು. ನಾಟಿ ಔಷಧಿ ಕೊಡಿಸಿದೆವು, ಆಸ್ಪತ್ರೆಗೂ ಸೇರಿಸಿದೆವು. ಹೋಗಿಬಿಟ್ಟ.

ಗುಬ್ಬಿಯ ನಮ್ಮ ಹೊಲದಲ್ಲೇ ಸಮಾಧಿ. ಭಜನೆಯವರು ಬಂದು ನನ್ನ ಮುಖ ನೋಡಿದರು. ನಾನು ಹಾರ್ಮೋನಿಯಂ ಎಳೆದುಕೊಂಡೆ. ಇನ್ನೇನು ಮಾಡಬೇಕಿತ್ತು? ಕೈಗೆ ಗೊತ್ತಿದ್ದದ್ದು ಅದೊಂದೇ. ಮಗನನ್ನು ವಿಭೂತಿ ಹಚ್ಚಿ ಕೂರಿಸಿದ್ದರು, ಎದುರಿಗೆ ನಾನು ಕೂತು ನುಡಿಸಿದೆ. ಒಂದು ಸ್ವರವೂ ತಪ್ಪಲಿಲ್ಲ ಸ್ವಾಮಿ. ಜನ ನನ್ನ ಹೆಗಲು ಮುಟ್ಟಿ, “ಏನ್ ಗಟ್ಟಿ ಮನ್ಸು ಮೇಷ್ಟ್ರೇ ನಿಮ್ದು” ಎಂದರು. ಮನೆಗೆ ಬಂದ ಮೇಲೆ ಉಮಾಮಹೇಶ್ವರಿ ಒಂದೇ ಮಾತು ಹೇಳಿದಳು. “ಆ ಪೆಟ್ಟಿಗೇನ ಅಟ್ಟದ ಮ್ಯಾಲೆ ಇಟ್ಬುಡಿ. ಅದು ನನ್ ಮಗನಿಗೂ ಅಳ್ತು, ಯಾವಳೋ ರಾಣಿಗೂ ಅಳ್ತು. ನಂಗೆ ಬ್ಯಾಡ.” ಇಟ್ಟೆ. ಆಮೇಲೆ ನಮ್ಮಿಬ್ಬರ ನಡುವೆ ಊಟಕ್ಕೆ ಏಳಿ, ಹಾಲು ಬಂತು, ಇಷ್ಟೇ ಮಾತು. ಅವಳು ಅಳಲಿಲ್ಲ, ನಾನೂ ಅಳಲಿಲ್ಲ. ಕ್ಷಮಿಸಿ, ಇದು ಉಪನ್ಯಾಸದ ವಿಷಯವಲ್ಲ. ವಿಷಯಕ್ಕೆ ಬರುತ್ತೇನೆ.

ಕೆಲವು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಅಡವಿಯಪ್ಪ, ಆಂಜನಪ್ಪ ಇಬ್ಬರೂ ರೇವಣನ ಟೇಪ್ ರೆಕಾರ್ಡರ್ ಹಿಂತಿರುಗಿಸಲು ಬಂದರು. ಒಳಗೊಂದು ಕ್ಯಾಸೆಟ್ ಇತ್ತು. ಕಡೆಯದಾಗಿ ಅವರು ಅಭ್ಯಾಸ ಮಾಡುತ್ತಿದ್ದ ಹಾಡು. ಯಾವನೋ ಪರದೇಶದವನು ತನ್ನ ಸತ್ತ ತಮ್ಮನ ಮೇಲೆ ಹಾಡಿದ್ದಂತೆ. ಹಾಕಿ ಎಂದೆ.

ಕೇಳಿದೆ. ಮೇಷ್ಟ್ರ ಬುದ್ಧಿ ಎಲ್ಲಿಗೆ ಹೋಗುತ್ತದೆ? ತಪ್ಪು ಹುಡುಕತೊಡಗಿದೆ. “ಇವನ ಗಂಟಲು ಒಡೀತಾ ಇದೆಯಲ್ಲಪ್ಪ, ಇನ್ನೊಂದು ಸಲ ರೆಕಾರ್ಡ್ ಮಾಡಬಾರದಿತ್ತೆ?” ಎಂದೆ.

“ಮಾಡಬಹುದಿತ್ತು ಸಾರ್. ಬೇಡಾಂತ ಹಂಗೇ ಬುಟ್ಟವ್ರೆ” ಎಂದ ಅಡವಿಯಪ್ಪ.

“ಸಾಹಿತ್ಯ ಏನು?”

ಆಂಜನಪ್ಪ ನಾಚಿಕೊಂಡು ಹೇಳಿದ, “ಜಾಸ್ತಿ ಏನಿಲ್ಲ ಸಾರ್. ನಿನ್ ಕೋಟು ಬಾಗಿಲ ಹಿಂದೆ ನೇತಾಡ್ತಾ ಐತೆ. ಹೊರಗಡೆ ಚಳಿ ಐತೆ. ಏನ್ ಹಾಕ್ಕೊಂಡ್ ಹೋದೆ? ಇಷ್ಟೇ. ಇದನ್ನೇ ತಿರ್ಗಾ ತಿರ್ಗಾ ಕೇಳ್ತಾನೆ.”

ಚಂದ್ರ ಇಲ್ಲ, ವಿಧಿ ಇಲ್ಲ, ಶಿವನಲ್ಲಿ ಐಕ್ಯನಾದ ಎಂಬ ಸಮಾಧಾನವಿಲ್ಲ. ಒಂದು ಕೋಟು! ನನಗೆ ಸಿಟ್ಟು ಬಂತು. “ಕೇಳಿದ್ದಕ್ಕೆ ಉತ್ತರ ಯಾರು ಹೇಳ್ತಾರೆ?” ಎಂದೆ.

“ಯಾರೂ ಹೇಳಲ್ಲ ಸಾರ್. ಅಲ್ಲಿ ಗಿಟಾರ್ ಬತ್ತದೆ.”

ಅಷ್ಟರಲ್ಲಿ ಗಿಟಾರ್ ಬಂದೇ ಬಂತು. ಅದನ್ನು ನಿಮಗೆ ಹೇಗೆ ವಿವರಿಸಲಿ? ಒಂದು ಸ್ವರದಿಂದ ಹೊರಟು ಇನ್ನೊಂದಕ್ಕೆ ತಲುಪದೆ, ನಡುವೆ ಎಲ್ಲೋ ಜಾರಿ, ಎಳೆದು, ಮತ್ತೆ ಜಾರಿ... ಅದು ಸಂಗೀತವೇ? ಅದು ನನ್ನ ಅತ್ತೆ ತಿಪ್ಪಮ್ಮನವರು ಸಮಾಧಿಯ ದಿನ ಮೊಮ್ಮಗನ ಮುಂದೆ ನೆಲ ಬಡಿಯುತ್ತ ಕೂಗಿದ ಕೂಗು. ಅದೇ ಜಾರು. ಅವರಿಗೆ ಆ ಪರದೇಶದವನು ಹೇಳಿಕೊಟ್ಟನೇ? ಅವನಿಗೆ ಇವರು ಹೇಳಿಕೊಟ್ಟರೇ? ನನಗೆ ಇವತ್ತಿಗೂ ತಿಳಿಯದು.

ತಿರುಗಿ ನೋಡಿದರೆ ಉಮಾಮಹೇಶ್ವರಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲಿ ಮೊರ. ಗಿಟಾರಿನ ಜೊತೆಗೇ ಬಾಯಿ ಮುಚ್ಚಿಕೊಂಡು ಗುನುಗುತ್ತಿದ್ದಳು. ಎಲ್ಲಿ ಜಾರಬೇಕೋ ಅಲ್ಲಿ ಜಾರುತ್ತ, ಎಲ್ಲಿ ತಡೆಯಬೇಕೋ ಅಲ್ಲಿ ತಡೆಯುತ್ತ. ಒಂದಕ್ಷರ ಇಂಗ್ಲಿಷ್ ಬಾರದವಳು! ಕ್ಯಾಸೆಟ್ಟಿನಲ್ಲಿ ಆ ಹಾಡಿಗೆ ಕೊನೆಯೇ ಇಲ್ಲ. ಸಣ್ಣಗಾಗುತ್ತ ಸಣ್ಣಗಾಗುತ್ತ ಕೇಳಿಸದಂತಾಗುತ್ತದೆ. “ಮುಗೀತೇನಪ್ಪ?” ಎಂದು ಅವಳು ಕೇಳಿದಳು.

“ಇಲ್ಲ ಕಣಮ್ಮ. ಅವ್ರು ಬಾರಿಸ್ತಾನೇ ಇರ್ತಾರೆ. ನಮ್ಗೆ ಕೇಳ್ಸಲ್ಲ ಅಷ್ಟೇ” ಎಂದ ಅಡವಿಯಪ್ಪ.

ಅವಳ ಕೈಯಿಂದ ಮೊರ ಜಾರಿತು. ಹಾಲ್ ತುಂಬ ಅಕ್ಕಿ. ಅವಳು ಅಲ್ಲೇ ಕುಸಿದು ಅತ್ತಳು. ನಾನು ಅಕ್ಕಿ ಬಳಿಯಲು ಕೂತೆ. ಬಳಿಯುತ್ತ ಬಳಿಯುತ್ತ ನನಗೂ ಏನೋ ಆಯಿತು. ಹುಡುಗರು ಇಬ್ಬರೂ ಗೋಡೆಯ ಕಡೆ ತಿರುಗಿ ನಿಂತಿದ್ದರು. ಬಹಳ ಹೊತ್ತಾದ ಮೇಲೆ ಅವಳು ಮೂಗು ಒರೆಸಿಕೊಂಡು, “ಆ ಅಣ್ಣ ಅಷ್ಟೊಂದು ಕೇಳ್ತಾವ್ನಲ್ರೀ, ಏನ್ ಹಾಕ್ಕೊಂಡ್ ಹೋದೇಂತ. ನಮ್ ಹುಡ್ಗ ಆ ನೀಲಿ ಶರ್ಟ್ ಹಾಕ್ಕೊಂಡ್ ಆಸ್ಪತ್ರೆಗೆ ಹೋಗಿದ್ದ, ಅಲ್ವಾ?” ಎಂದಳು. ಹೌದು ಎಂದೆ. ಪೆಟ್ಟಿಗೆ ಅಟ್ಟ ಸೇರಿದ ಮೇಲೆ ಅವನ ವಿಷಯ ನಾವಿಬ್ಬರೂ ಆಡಿದ ಮೊದಲ ಮಾತು ಅದು.

ಹಾಗಾದರೆ ಆ ಹಾಡು ಏನು ಮಾಡಿತು? ಸಮಾಧಾನ ಹೇಳಿತೇ? ಇಲ್ಲ. ನನ್ನ ಭಜನೆ ಸಮಾಧಾನ ಹೇಳಿತ್ತು, ನಮಗೆ ಸಮಾಧಾನವಾಗಲಿಲ್ಲ. ಇದು ಏನನ್ನೂ ಹೇಳದೆ ಬರೀ ಕೇಳಿತು, ನಾವು ಮಾತನಾಡಿದೆವು. ಭಜನೆ ಸುಳ್ಳೆಂದು ನಾನು ಹೇಳುತ್ತಿಲ್ಲ. ಈಗಲೂ ಕರೆದ ಮನೆಗೆ ಹೋಗಿ ದನಿಗೂಡಿಸುತ್ತೇನೆ. ಎರಡನ್ನೂ ಒಂದೇ ಎದೆಯಲ್ಲಿ ಹೇಗೆ ಇಟ್ಟುಕೊಳ್ಳುವುದು ಎಂಬುದು ಮಾತ್ರ ಗೊತ್ತಾಗಿಲ್ಲ. ಗೊತ್ತಿದ್ದವರು ದಯವಿಟ್ಟು ಸಮಾರಂಭ ಮುಗಿದ ಮೇಲೆ ಹೇಳಿ.

ಈ ವರ್ಷ ಬಳಗದ ವಾರ್ಷಿಕೋತ್ಸವಕ್ಕೆ ಆ ಹಾಡು ಹಾಡಬೇಕೆಂದು ಹುಡುಗರು ಹಟ ಹಿಡಿದರು. ಆದರೆ ಗಿಟಾರ್ ನುಡಿಸುವವನು ಎಲ್ಲಿ? “ಸಾರ್, ಆ ಜಾಗದಲ್ಲಿ ನೀವು ಹಾರ್ಮೋನಿಯಂ ಬಾರ್ಸಿ” ಎಂದರು. ನಾನು ಉಮಾಮಹೇಶ್ವರಿಯ ಮುಖ ನೋಡಿದೆ. ಅವಳೇ ಸ್ಟೂಲು ತಂದು ಅಟ್ಟದಿಂದ ಪೆಟ್ಟಿಗೆ ಇಳಿಸಿಕೊಟ್ಟಳು.

ಕೂತೆ, ನುಡಿಸಿದೆ, ಬರಲಿಲ್ಲ. ಹಾರ್ಮೋನಿಯಂನಲ್ಲಿ ಈ ಕೀ ಇದೆ, ಪಕ್ಕದ ಕೀ ಇದೆ, ಇವೆರಡರ ನಡುವೆ ಏನೂ ಇಲ್ಲ. ಜಾರಲು ದಾರಿಯೇ ಇಲ್ಲ. ಇಷ್ಟು ವರ್ಷ ನುಡಿಸಿದ್ದರೂ ಅದರ ಕೊರತೆ ನನ್ನನ್ನು ಕಾಡಿದ್ದೇ ಇಲ್ಲ. ಎಷ್ಟು ದಿನ ಪ್ರಯತ್ನಪಟ್ಟೆ! ಕೊನೆಗೆ ಸೋತು ಕೈ ತೆಗೆದೆ. ಅಡವಿಯಪ್ಪ ಮಾತ್ರ ತಾಳ ಬಿಡದೆ ಮೆಲ್ಲಗೆ ಬಾರಿಸುತ್ತಲೇ ಇದ್ದ. ಆ ಖಾಲಿಯಲ್ಲಿ ಅಡುಗೆಮನೆಯಿಂದ ಗುನುಗು ಕೇಳಿಸಿತು. ಪೂರ್ತಿ. ರೇವಣ ನುಡಿಸುತ್ತಿದ್ದ ಹಾಗೆಯೇ.

ಹುಡುಗರು ಕಾಲು ಹಿಡಿಯುವುದೊಂದು ಬಾಕಿ. “ಅಮ್ಮ, ಮೈಕ್ ಮುಂದೆ ಬನ್ನಿ” ಎಂದರು. ಅವಳು, “ಅಯ್ಯೋ, ಸ್ಟೇಜ್ ಮ್ಯಾಲೆಲ್ಲಾ ಆಗಾಕಿಲ್ಲ ಕಣ್ರಪ್ಪ. ನಾನೇನು ಹಾಡೋಳಾ? ಅದು ಬತ್ತದೆ, ಇಲ್ಲಾ ಬರಲ್ಲ” ಎಂದಳು. ಆದರೂ ಇವತ್ತು ಬಂದಿದ್ದಾಳೆ. ಮಗ ಹೋದ ಮೇಲೆ ಇಂಥ ಸಭೆಗೆ ಬಂದದ್ದು ಇದೇ ಮೊದಲು. ಎಲ್ಲಿ ಕುಳಿತಿದ್ದಾಳೆಂದು ನಾನು ಹೇಳುವುದಿಲ್ಲ, ಬೈಯುತ್ತಾಳೆ.

ಅಧ್ಯಕ್ಷರು ಗಡಿಯಾರ ನೋಡಿಕೊಳ್ಳುತ್ತಿದ್ದಾರೆ. ಉಪನ್ಯಾಸ ಇನ್ನೂ ಶುರುವೇ ಆಗಿಲ್ಲ ಎಂದು ಅವರಿಗೆ ಅನ್ನಿಸಿದ್ದರೆ ಅದು ನ್ಯಾಯವೇ. ಹುಡುಗರೂ ತಯಾರಾಗಿದ್ದಾರೆ. ಸಭಿಕರಲ್ಲಿ ಒಂದು ವಿನಂತಿ ಮಾತ್ರ. ಹಾಡಿನ ನಡುವೆ ಆಂಜನಪ್ಪ ಹಾಡುವುದನ್ನು ನಿಲ್ಲಿಸುತ್ತಾನೆ. ನಾನೂ ಹಾರ್ಮೋನಿಯಂನಿಂದ ಕೈ ತೆಗೆಯುತ್ತೇನೆ. ಆಗ ಹಾಡು ಮುಗಿಯಿತೆಂದು ದಯವಿಟ್ಟು ಚಪ್ಪಾಳೆ ತಟ್ಟಬೇಡಿ. ಆ ಹೊತ್ತಿನಲ್ಲಿ ಹೆಂಗಸರ ಕಡೆಯಿಂದ ಏನಾದರೂ ಕೇಳಿಸಿದರೆ ತಿರುಗಿ ನೋಡಬೇಡಿ. ಏನೂ ಕೇಳಿಸದಿದ್ದರೆ, ನಮ್ಮ ಜೊತೆ ಸ್ವಲ್ಪ ಹೊತ್ತು ಸುಮ್ಮನಿರಿ.

ಇಷ್ಟು ಹೊತ್ತು ಈ ಗೊಂದಲವನ್ನು ಸಹಿಸಿಕೊಂಡ ನಿಮಗೆಲ್ಲ ನನ್ನ ಕೃತಜ್ಞತೆಗಳು. ನಮಸ್ಕಾರ.