ಮುರಿದ ಪಾವಟಿಗಿಯ ಪದ

…ಹೂವಂತ, ಹೂವು! ಏನ್ ಓದಿದಿ ಲೀಲಾ, ಇನ್ನೊಮ್ಮೆ ಓದು. ‘ತವರಿಗೆ ಹ್ವಾದಂಗ ಹ್ವಾದಾಳ, ಇದು ಉಪಮಾಲಂಕಾರ.’ ಸಾಲ್ಯಾಗ ಊರಾಗಿನ ಹಾಡು-ಪದ ಬರಕೊಂಡು ಬಾ ಅಂದ್ರಂತ, ಅಲಂಕಾರ ಗುರುತು ಹಾಕು ಅಂದ್ರಂತ. ಹಾಕು. ಆದ್ರ ಪದದಾಗಿನ ನಾಗವ್ವ ಯಾರಂತ ಕೇಳಿದ್ರೇನು ನಿಮ್ಮ ಮಾಸ್ತರ್ರು? ನನ್ನ ನೆಗೆಣ್ಣಿ ಬೇ ಆಕಿ! ನೆಗೆಣ್ಣಿ ಅಂದ್ರ ನಿಮ್ಮ ಮುತ್ಯಾನ ಅಣ್ಣನ ಹೆಂಡತಿ. ಒಂದ ಬೀಸೋ ಕಲ್ಲಿಗೆ ಎದುರಾಬದುರಾ ಕುಂತು ಜ್ವಾಳ ಬೀಸಿದವರು ನಾವು.

ಎಪ್ಪತ್ತನೇ ಇಸವಿ ಮ್ಯಾಲಿನ ಮಾತು. ನೆಲೋಗಿ ಹಂತ್ಯಾಕಿನ ಹಳ್ಳಿಗೆ ನಾ ಸೊಸಿಯಾಗಿ ನಡೀಲಾಕ ಬಂದು ಒಂದು, ಅಲ್ಲ, ಎರಡು ವರ್ಷ ಆಗಿತ್ತು. ಹಿಟ್ಟಿನ ಗಿರಣಿ ಇಲ್ಲ, ನಳ ಇಲ್ಲ. ನೀರಿಗೆ ಗೌಡ್ರ ಬಾವಿ ಒಂದ. ಅದರ ಮೂರನೇ ಪಾವಟಿಗಿ ಮುರಿದಿತ್ತು. ಪಾವಟಿಗಿ ಅಂದ್ರ ಮೆಟ್ಟಲು, ಬರಕೋ. ಹೆಂಗಸ್ರೆಲ್ಲ ಹೋಗಿ ‘ಗೌಡ್ರ, ಕಲ್ಲು ಅಳ್ಳಾಡಾಕತ್ತೈತ್ರಿ’ ಅಂದ್ರ, ‘ಸುಗ್ಗಿ ಮುಗೀಲಿ ತಗೋರಿ.’ ಮತ್ತ ಹೋದ್ರ ಮತ್ತ ಸುಗ್ಗಿ. ಎಷ್ಟು ಸುಗ್ಗಿ! ಅವತ್ತು ನೀರಿನ ಪಾಳಿ ನಂದು. ನಿಮ್ಮಪ್ಪ ಮೊಲಿ ಬಿಡವಲ್ಲ. ‘ಕೂಸಿಗೆ ಕುಡಸು, ನಾ ಹೋಗ್ತೇನಿ’ ಅಂದ ನಾಗವ್ವ ಕೊಡ ತಗೊಂಡು ಹ್ವಾದಾಕಿ ಬರಲಿಲ್ಲ.

ಆಮ್ಯಾಲ ಗೌಡ ಜೇವರ್ಗಿ ಕಡಿಯಿಂದ ಪದ ಕಟ್ಟಾಂವನ್ನ ಕರಸಿದ. ಅಂವ ಕಟ್ಟಿದ:

ಗಂಗವ್ವ ಕರದಾಳ ಗೆಜ್ಜೀಯ ದನಿಮಾಡಿ
ತವರೀಗೆ ಹ್ವಾದಂಗ ಹ್ವಾದಾಳ | ನಾಗವ್ವ
ನೀರಾಗ ಹೂವಾಗಿ ತೇಲ್ಯಾಳ

ಚಂದ ಅದ, ಇಲ್ಲನ್ನಂಗಿಲ್ಲ. ಊರೆಲ್ಲ ಅತ್ತಿತು. ಆದ್ರ ತಿಳಕೋ, ನೀರಿನ ದೇವತಿ ಗಂಗವ್ವನ ಕರದ್ರ ಗೌಡಂದೇನು ತಪ್ಪು? ಅದಕ್ಕ ಕಟ್ಟಿಸಿದ್ದ ಆ ಪದ!

ಒಂದಿನ ದಾಸೋಹದ ಹಿಟ್ಟು ಬೀಸಾಕ ಗೌಡ್ರ ಮನ್ಯಾಗ ಕುಂತೀವಿ. ಗೌಡ್ತಿ, ‘ಆ ನಾಗವ್ವನ ಪದ ಹಾಡ್ರೆವ್ವ, ಭಾಳ ಚಂದದ’ ಅಂದಳು. ಬೀಸೋ ಪದದ ರೀತಿ ಹ್ಯಾಂಗಂದ್ರ, ಒಬ್ಬಾಕಿ ಸಾಲು ಹಾಡ್ತಾಳ, ಎದುರಿಗಿದ್ದಾಕಿ ಅದನ್ನ ಇದ್ದಂಗ ತಿರುಗಿಸಿ ಹಾಡ್ತಾಳ. ತಿರುಗಿಸಾಕಿ ನಾನು. ಎದುರಿಗೆ ನಾಗವ್ವನ ಜಾಗಾದಾಗ ಬ್ಯಾರೆ ಯಾರೋ ಕುಂತು, ‘ತವರೀಗೆ ಹ್ವಾದಂಗ ಹ್ವಾದಾಳ’ ಅಂದಳು. ನಾ ಬೀಸೋ ಕಲ್ಲಿನ ಗೂಟ ಬಿಡಲಿಲ್ಲ, ಧಾಟಿ ಬಿಡಲಿಲ್ಲ, ತಿರುಗಿಸಿದೆ:

ಮುರದಂಥ ಪಾವಟಿಗಿ ಜಾರ್ಯಾಳ | ನಾಗವ್ವ
ಗೌಡರ ಬಾವ್ಯಾಗ ಬಿದ್ದಾಳ

ಕಲ್ಲು ನಿಂತಿತು. ಗೌಡ್ತಿ ಚೀರಿದಳು, ‘ಏನ್ ಹಾಡಿದಿ ಬೇ? ಪದದಾಗ ಹಂಗಿಲ್ಲ!’

‘ಪದದಾಗ ಇಲ್ರೀ ಗೌಡ್ತೆವ್ವ, ಬಾವ್ಯಾಗ ಅದ ರೀ.’

ಎಬ್ಬಿಸಿ ಹೊರಗ ಹಾಕಿದ್ರು. ನಮ್ಮತ್ತಿ ಬೈದಳು, ಆ ವರ್ಷ ಯಾರೂ ನನ್ನ ಬೀಸಾಕ ಕರೀಲಿಲ್ಲ. ಆದ್ರ ನಸುಕಿಗೆ ಎದ್ದು ಕೇಳಿದ್ರ ಒಂದೊಂದ ಮನ್ಯಾಗ ‘ಮುರದಂಥ ಪಾವಟಿಗಿ’ ಅಂತ ತಿರುಗಿಸಿ ಹಾಡಾಕತ್ತಿದ್ರು. ಎಂಟ ದಿನಕ್ಕ ಕಲ್ಲು ಕಟ್ಟೋ ಗವಂಡಿ ಬಂದು ಹೊಸಾ ಕಲ್ಲು ಕೂಡಿಸಿದ. ಸುಗ್ಗಿ ಇನ್ನೂ ಮುಗದಿದ್ದಿಲ್ಲ, ನೋಡು!

ಉಪಮಾಲಂಕಾರ ಬರದಿ ಅಲಾ, ಅದರ ಕೆಳಗ ಈ ಎರಡು ಸಾಲೂ ಬರಿ. ಯಾರರೆ ಹೂವು ಅಂತ ಹಾಡಿದ್ರ, ಕಾಲಾಗಿನ ಕಲ್ಲು ಮೊದಲು ನೋಡಬೇಕು ಯವ್ವ. ಏಳು, ಕೊಡ ತಗೋ, ನಳ ಬಂತು.